ಅಕ್ಕಾ, ಬಾವನಿಗೆ ಮಾಡಿದ ಪ್ರಾರ್ಥನೆ ದಂಡವಾ ಅಂತ ಕೇಳಿದ್ದಿಯಲ್ಲ

ಅಕ್ಕಾ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡ್ಲಿಕ್ಕೆ ಕೂತ್ರೆ ಮುಗಿಯುದಿಲ್ಲ, ಅದಕ್ಕೆ ವಾಯ್ಸ್ ಹಾಕ್ತಾ ಇದ್ದೇನೆ. ಸ್ವಲ್ಪ ಉದ್ದ ಆಗ್ತದೆ, ಬೇರೆಯವರು ಬೇಕಾದ್ರೆ ಸ್ಪೀಡಿನಲ್ಲಿ ಇಟ್ಟು ಕೇಳಿ. ಇಲ್ಲಿ ನಾನು ನೋಡಿಕೊಳ್ಳುವ ಅಜ್ಜ ಊಟ ಮಾಡಿ ಮಲಗಿದ್ದಾರೆ, ಅವರು ಏಳುವವರೆಗೆ ನನಗೆ ಪುರುಸೊತ್ತು.

ನೀನು ಕೇಳಿದ್ದು ಇಷ್ಟು. ಬಾವನಿಗೆ ಡಯಾಲಿಸಿಸ್ ಶುರುವಾದಾಗಿನಿಂದ ಸಭೆಯಲ್ಲಿ, ಮನೆಯಲ್ಲಿ, ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ, ಎಲ್ಲ ಕಡೆ ಬೇಡಿಕೊಂಡದ್ದು. ಕಡೆಗೂ ಅವರು ಹೋದ್ರು. ಹಾಗಾದ್ರೆ ಅಷ್ಟೂ ದಂಡವಾ, ನೀನು ಇಸ್ರೇಲಿನಲ್ಲಿದ್ದಿ, ಯೆಹೂದ್ಯರು ಇದಕ್ಕೆ ಎಂತ ಹೇಳ್ತಾರೆ ಅಂತ. ಅದರ ಕೆಳಗೆ ಒಬ್ಬರು "ವಿಶ್ವಾಸ ಕಮ್ಮಿಯಾದ್ರೆ ಉತ್ತರ ಬರುದಿಲ್ಲ" ಅಂತ ಹಾಕಿದ್ದಾರೆ. ಯಾರು ಅಂತ ನಾನು ಹೇಳುದಿಲ್ಲ, ಗ್ರೂಪಿನಲ್ಲಿ ಹೆಸರು ಕಾಣ್ತದೆ.

ಮೊದಲು ಅವರಿಗೇ ಹೇಳಿಬಿಡ್ತೇನೆ. ಈ ಅಜ್ಜ ಹಿಂದೆ ತಾಲ್ಮುದ್, ಅಂದ್ರೆ ಯೆಹೂದ್ಯ ಗುರುಗಳ ಚರ್ಚೆ, ಕತೆ ಎಲ್ಲ ಒಟ್ಟು ಮಾಡಿದ ಹಳೇ ಗ್ರಂಥ, ಅದನ್ನು ಕಲಿಸ್ತಾ ಇದ್ದ ಮೇಷ್ಟ್ರು. ನಾನು ಬೈಬಲ್ ಓದ್ತೇನೆ ಅಂತ ಗೊತ್ತಾದ ಮೇಲೆ ನನ್ನನ್ನು ಬಿಡುದಿಲ್ಲ, ದಪ್ಪ ಪುಸ್ತಕ ತರಿಸಿ ಅರ್ಧ ಇಂಗ್ಲಿಷ್ ಅರ್ಧ ಹೀಬ್ರೂವಿನಲ್ಲಿ ಪಾಠ. ಅದರಲ್ಲಿ ಬರುವ ಒಂದು ಕತೆ ಕೇಳಿ. ಯೋಹಾನಾನ್ ಬೆನ್ ಜಕ್ಕಾಯ್ ಅಂತ ದೊಡ್ಡ ಗುರು. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ಬಿದ್ದಾಗ ಯವ್ನೆ ಅಂತ ಊರಿನಲ್ಲಿ ಕೂತು ಯೆಹೂದ್ಯರ ವಿದ್ಯೆಯನ್ನು ಉಳಿಸಿದವರು. ಅವರ ಮಗನಿಗೆ ಕಾಯಿಲೆ. ಅವರ ಹತ್ರ ಕಲೀಲಿಕ್ಕೆ ಬಂದ ಹನೀನಾ ಬೆನ್ ದೋಸಾ ಅಂತ ಒಬ್ಬ, ತುಂಬಾ ಬಡವ, ಮೊಣಕಾಲಿನ ಮಧ್ಯೆ ತಲೆ ಇಟ್ಟು ಬೇಡಿಕೊಂಡ. ಮಗ ಬದುಕಿದ. ಗುರು ಎಂತ ಹೇಳಿದ್ರು ಗೊತ್ತುಂಟಾ? "ನಾನು ಇಡೀ ದಿನ ಹಾಗೆ ತಲೆ ಇಟ್ಟು ಕೂತಿದ್ರೂ ಯಾರೂ ಗಮನಿಸ್ತಿರಲಿಲ್ಲ." ಹೆಂಡತಿಗೆ ಸಿಟ್ಟು ಬಂತು, ಅವನು ನಿಮಗಿಂತ ದೊಡ್ಡವನಾ ಅಂತ. ಇಲ್ಲ, ಅವನು ಅರಸನ ಮನೆಯ ಆಳಿನ ಹಾಗೆ, ನಾನು ಮಂತ್ರಿಯ ಹಾಗೆ ಅಂದ್ರು. ಆಳು ಯಾವಾಗ ಬೇಕಾದ್ರೂ ಒಳಗೆ ಹೋಗ್ತಾನೆ, ಮಂತ್ರಿಗೆ ಹಾಗೆ ಆಗುದಿಲ್ಲ. ಉತ್ತರ ಬಂತಾ ಇಲ್ವಾ ಅಂತ ನೋಡಿ ವಿಶ್ವಾಸ ಅಳೀಲಿಕ್ಕೆ ಹೊರಟವರು ಇದನ್ನು ಎಲ್ಲಿ ಇಡ್ತಾರೆ?

ಮತ್ತೆ ನಮ್ಮ ಮೋಶೆ. ಬೈಬಲಿನ ಧರ್ಮೋಪದೇಶಕಾಂಡ ಮೂರನೇ ಅಧ್ಯಾಯ ತೆಗೆದು ನೋಡಿ. ಯೊರ್ದನ್ ನದಿ ದಾಟಿ, ದೇವರು ಕೊಡ್ತೇನೆ ಅಂದ ದೇಶಕ್ಕೆ ಹೋಗ್ಲಿಕ್ಕೆ ಬಿಡು ಅಂತ ಬೇಡಿಕೊಂಡ. ಸಾಕು, ಈ ವಿಷಯ ಇನ್ನು ಎತ್ತಬೇಡ ಅಂತ ದೇವರು ಬಾಯಿ ಮುಚ್ಚಿಸಿದ್ರು. ಯೆಹೂದ್ಯರ ಹಳೇ ವ್ಯಾಖ್ಯಾನದಲ್ಲಿ ಅವನು 515 ಸಲ ಬೇಡಿದ ಅಂತ ಲೆಕ್ಕವೇ ಉಂಟು. ಸಿಕ್ಕಿದ್ದು ಪಿಸ್ಗಾ ಬೆಟ್ಟದ ಮೇಲಿಂದ ದೂರಕ್ಕೆ ನೋಡ್ಲಿಕ್ಕೆ ಮಾತ್ರ. ಅಷ್ಟು ದೊಡ್ಡವನಿಗೂ ಕೇಳಿದ್ದು ಸಿಗಲಿಲ್ಲ.

ಅಕ್ಕಾ, ಈಗ ನಿನಗೆ. ಯೆಹೂದ್ಯರಲ್ಲಿ ವ್ಯರ್ಥ ಪ್ರಾರ್ಥನೆ ಅಂತ ಒಂದು ಉಂಟು, ತಾಲ್ಮುದಿಗೆ ಬುಡವಾದ ಮಿಶ್ನಾ ಅಂತ ನಿಯಮಗಳ ಪುಸ್ತಕದಲ್ಲೇ ಬರೆದಿದ್ದಾರೆ. ಆದ್ರೆ ಅದು ನೀನು ಹೆದರಿದ ಹಾಗೆ ಅಲ್ಲ. ಊರಿಗೆ ವಾಪಸ್ ಬರುವಾಗ ಒಬ್ಬನಿಗೆ ಊರೊಳಗಿಂದ ಕಿರುಚುವ ಶಬ್ದ ಕೇಳ್ತದೆ. ದೇವರೇ, ಇದು ನನ್ನ ಮನೆಯಿಂದ ಬಂದದ್ದು ಆಗಬಾರದು ಅಂತ ಬೇಡಿದ್ರೆ ಅದು ವ್ಯರ್ಥ. ಯಾಕೆ ಅಂದ್ರೆ ಆದದ್ದು ಆಗಿ ಹೋಯ್ತು, ಅದು ಯಾರ ಮನೆ ಅಂತ ಬೇಡಿ ಬದಲಾಯಿಸ್ಲಿಕ್ಕೆ ಆಗುದಿಲ್ಲ. ಅಷ್ಟೇ. ಕೇಳಿದ್ದು ಸಿಗಲಿಲ್ಲ ಅಂತ ಒಂದು ಪ್ರಾರ್ಥನೆ ವ್ಯರ್ಥ ಅಂತ ಆ ಪುಸ್ತಕ ಎಲ್ಲೂ ಹೇಳುದಿಲ್ಲ. ಬಾವ ಉಸಿರಾಡ್ತಾ ಇದ್ದಷ್ಟು ದಿನ ನೀನು ಕೇಳಿದ್ದು ಆ ಲೆಕ್ಕಕ್ಕೆ ಬರುದೇ ಇಲ್ಲ.

ಆ ಮಿಶ್ನಾವನ್ನು ಸುಮಾರು 200ನೇ ಇಸವಿಯ ಹೊತ್ತಿಗೆ ಒಟ್ಟು ಮಾಡಿದವರು ಯೆಹೂದಾ ಹನಾಸಿ ಅಂತ ಗುರು. ಅವರು ಸಾಯುವಾಗ ಆದದ್ದನ್ನು ಅಜ್ಜ ನನಗೆ ಮೂರ್ನಾಲ್ಕು ಸಲ ಹೇಳಿದ್ದಾರೆ, ಹೇಳುವಾಗೆಲ್ಲ ನನ್ನನ್ನೇ ನೋಡ್ತಾರೆ. ಶಿಷ್ಯರೆಲ್ಲ ಉಪವಾಸ ಹಿಡಿದು, ಗುರು ಸಾಯಬಾರದು ಅಂತ ಬಿಡದೆ ಪ್ರಾರ್ಥನೆ ಮಾಡ್ತಾ ಇದ್ರು. ಮನೆಕೆಲಸದವಳು ಮಹಡಿಗೆ ಹತ್ತಿ ಅವಳೂ ಬೇಡಿದ್ಲು: ಮೇಲೆ ಸ್ವರ್ಗದವರಿಗೂ ಗುರು ಬೇಕು, ಕೆಳಗೆ ಭೂಮಿಯವರಿಗೂ ಬೇಕು, ಕೆಳಗಿನವರೇ ಗೆಲ್ಲಲಿ ಅಂತ. ಆಮೇಲೆ ನೋಡ್ತಾಳೆ, ಗುರುಗಳಿಗೆ ಹೊಟ್ಟೆಯ ಕಾಯಿಲೆ. ಕೈಗೆ ತಲೆಗೆ ಚರ್ಮದ ಪಟ್ಟಿಯಲ್ಲಿ ಕಟ್ಟಿಕೊಳ್ಳುವ, ಒಳಗೆ ದೇವರ ವಾಕ್ಯ ಇರುವ ಸಣ್ಣ ಪೆಟ್ಟಿಗೆ, ತೆಫಿಲ್ಲೀನ್ ಅಂತ ಉಂಟಲ್ಲ, ಕಕ್ಕಸಿಗೆ ಹೋಗುವಾಗ ಅದನ್ನು ಬಿಚ್ಚಬೇಕು, ಬಂದು ಮತ್ತೆ ಕಟ್ಟಬೇಕು. ಸಲಕ್ಕೆ ಸಲ ಹೋಗುದು, ಬಿಚ್ಚುದು, ಕಟ್ಟುದು, ನರಳುದು. ಆಗ ಅವಳು ಮಾತು ಬದಲಾಯಿಸಿದ್ಲು, ಮೇಲಿನವರೇ ಗೆಲ್ಲಲಿ ಅಂದ್ಲು. ಶಿಷ್ಯರು ಮಾತ್ರ ನಿಲ್ಲಿಸುದಿಲ್ಲ. ಒಂದು ಹೂಜಿ ತಗೊಂಡು ಮಹಡಿಯಿಂದ ಕೆಳಗೆ ಎತ್ತಿ ಹಾಕಿದ್ಲು. ಆ ಶಬ್ದಕ್ಕೆ ಇವರ ಪ್ರಾರ್ಥನೆ ಒಂದು ಕ್ಷಣ ನಿಂತಿತು, ಗುರುಗಳ ಪ್ರಾಣ ಹೋಯ್ತು.

ಅವಳನ್ನು ತಾಲ್ಮುದ್ ಬೈಯುದಿಲ್ಲ ಅಕ್ಕಾ. 14ನೇ ಶತಮಾನದಲ್ಲಿ ಸ್ಪೇನಿನಲ್ಲಿದ್ದ ರಬ್ಬಿ ನಿಸ್ಸಿಮ್ ಅಂತ ಯೆಹೂದ್ಯ ಗುರು, ರೋಗಿ ತುಂಬಾ ನರಳ್ತಾ ಇದ್ದು ಬದುಕುವ ದಾರಿ ಇಲ್ಲದಿದ್ರೆ ಬಿಡುಗಡೆ ಕೊಡು ಅಂತ ಬೇಡುವ ಹೊತ್ತೂ ಉಂಟು ಅಂತ ಇದೇ ಕತೆ ಹಿಡಿದು ಬರೆದಿದ್ದಾರೆ. ನಾನೂ ಇಲ್ಲಿ ಅದೇ ಕೆಲಸದವಳು. ರಾತ್ರಿ ಅಜ್ಜನನ್ನು ಎಬ್ಬಿಸಿ ಬಾತ್‌ರೂಮಿಗೆ ಕರಕೊಂಡು ಹೋಗುವಾಗ ಆ ಹೆಂಗಸಿನ ನೆನಪು ಬರ್ತದೆ. ಶಿಷ್ಯರದ್ದೂ ಸುಳ್ಳು ಪ್ರಾರ್ಥನೆ ಅಲ್ಲ, ಅವಳದ್ದೂ ಸುಳ್ಳಲ್ಲ. ಕಡೇ ವಾರ ಐಸಿಯು ಹೊರಗಿಂದ ನೀನು ಫೋನಿನಲ್ಲಿ "ಇನ್ನು ಸಾಕು, ಅವರಿಗೆ ನೋವಾಗುದು ನೋಡ್ಲಿಕ್ಕಾಗುದಿಲ್ಲ" ಅಂದದ್ದು ನನಗೆ ಕೇಳಿದೆ. ನೀನು ಎರಡೂ ಬೇಡಿದ್ದಿ. ಒಂದಕ್ಕೆ ಹೌದು ಅಂತ ಬಂತಾ ಅಂತ ನಾನು ಹೇಳ್ಲಿಕ್ಕೆ ಹೋಗುದಿಲ್ಲ, ಅದು ನನ್ನ ಬಾಯಲ್ಲಿ ಬರುವ ಮಾತಲ್ಲ.

ಇವರಲ್ಲೂ ಒಂದೇ ಅಭಿಪ್ರಾಯ ಅಂತ ಇಲ್ಲ. ಯೆಶಾಯಾಹು ಲೈಬೊವಿಟ್ಸ್ ಅಂತ ಇಲ್ಲಿಯ ಹೀಬ್ರೂ ಯೂನಿವರ್ಸಿಟಿಯ ಪ್ರೊಫೆಸರ್, 1994ರಲ್ಲಿ ತೀರಿಕೊಂಡ್ರು. ಪ್ರಾರ್ಥನೆ ಬೇಕಾದ್ದನ್ನು ಕೇಳ್ಲಿಕ್ಕೆ ಅಲ್ಲವೇ ಅಲ್ಲ, ಅದು ದೇವರಿಗೆ ಸಲ್ಲಿಸುವ ಕರ್ತವ್ಯ ಅಂತ ಅವರ ವಾದ. ಮದುವೆಗೆ ಹೊರಟ ಗಂಡಿಗೂ, ಹೆಂಡತಿಯನ್ನು ಮಣ್ಣು ಮಾಡಿ ಬಂದವನಿಗೂ ಹೇಳ್ಲಿಕ್ಕಿರುವುದು ಅದೇ ಪ್ರಾರ್ಥನೆ ಅಲ್ವಾ ಅಂತ ಕೇಳ್ತಾರೆ. ಮಾತು ಗಟ್ಟಿ, ಆದ್ರೆ ನನಗೆ ಒಣ ಅನಿಸ್ತದೆ. ಅಜ್ಜನಿಗೂ ಪೂರಾ ಒಪ್ಪಿಗೆ ಇಲ್ಲ. ದಿನಕ್ಕೆ ಮೂರು ಸಲ ಹೇಳುವ ಪ್ರಾರ್ಥನೆಯಲ್ಲಿ ರೋಗಿಗಳಿಗೆ ಅಂತಲೇ ಒಂದು ಭಾಗ ಉಂಟು, ಅಲ್ಲಿ ಅವರು ನಿಲ್ಲಿಸಿ ಹೆಸರು ಹೇಳ್ತಾರೆ, ಆಯಾ ರೋಗಿಯ ಅಮ್ಮನ ಹೆಸರು ಸೇರಿಸಿ. ಬಾವನ ಹೆಸರನ್ನೂ ನನ್ನಿಂದ ಕೇಳಿ, ಅತ್ತೆಯ ಹೆಸರು ಕೇಳಿ, ಹೀಬ್ರೂ ಅಕ್ಷರದಲ್ಲಿ ಚೀಟಿ ಬರೆದು ಪುಸ್ತಕದಲ್ಲಿ ಇಟ್ಟಿದ್ರು. ಇದನ್ನು ನಿನಗೆ ಹೇಳಿರಲಿಲ್ಲ.

ನೀನು ಈಗ ಪ್ರಾರ್ಥನೆಗೆ ಕೂತ್ರೆ ಸಿಟ್ಟೇ ಬರ್ತದೆ ಅಂದಿ. ಬರಲಿ. 88ನೇ ಕೀರ್ತನೆ ಓದು, ಕತ್ತಲೆಯಲ್ಲೇ ಮುಗಿತದೆ, ಕಡೆಗೆ ಸ್ತೋತ್ರ ಗೀತ್ರ ಎಂತದೂ ಇಲ್ಲ. ಬೈಬಲಿನ ಪ್ರಲಾಪಗಳ ಪುಸ್ತಕದಲ್ಲಂತೂ ನಮ್ಮ ಪ್ರಾರ್ಥನೆ ಬಾರದ ಹಾಗೆ ಮೋಡ ಮುಚ್ಚಿಕೊಂಡಿದ್ದಿ ಅಂತ ದೇವರಿಗೇ ಹೇಳ್ತಾರೆ. ತಾಲ್ಮುದಿನ ಒಂದೇ ಪುಟದಲ್ಲಿ, ಉತ್ತರ ಬಾರದಿದ್ರೆ ಮತ್ತೆ ಬೇಡು ಅಂತಲೂ ಉಂಟು, ಇಷ್ಟು ಉದ್ದ ಬೇಡಿದೆ ಇನ್ನು ಸಿಕ್ಕಿಯೇ ಸಿಗ್ತದೆ ಅಂತ ಕಾದು ಕೂತವನಿಗೆ ಎದೆನೋವೇ ಗತಿ ಅಂತಲೂ ಉಂಟು.

ಕಡೆಗೆ ಬೈಬಲಿನ ಅರಸ ದಾವೀದನದ್ದೊಂದು. ಮಗು ಕಾಯಿಲೆ ಬಿದ್ದಾಗ ನೆಲದಲ್ಲಿ ಮಲಗಿ ಉಪವಾಸ ಮಾಡಿದ. ಏಳನೇ ದಿನ ಮಗು ಸತ್ತಿತು. ಎದ್ದು ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ದೇವರ ಮನೆಗೆ ಹೋಗಿ ಅಡ್ಡಬಿದ್ದು ಬಂದು, ಊಟ ಬಡಿಸಿ ಅಂದ. ಸೇವಕರಿಗೆ ಆಶ್ಚರ್ಯ. ಮಗು ಬದುಕಿದ್ದಾಗ ದೇವರು ಕರುಣೆ ತೋರಿಸಿಯಾನು ಅಂತ ಉಪವಾಸ ಮಾಡಿದೆ, ಈಗ ಯಾಕೆ ಅಂದ. ನೀನು ಈಗಲೂ ಮಧ್ಯಾಹ್ನ ಉಣ್ಣುದಿಲ್ಲವಂತೆ, ಅಮ್ಮ ಹೇಳಿದ್ರು. ಅಮ್ಮಾ, ನೀವೂ ಕೇಳ್ತಾ ಇದ್ರೆ, ಇವತ್ತು ಅಕ್ಕ ಎಂತ ಊಟ ಮಾಡಿದ್ಲು ಅಂತ ರಾತ್ರಿ ಇದೇ ಗ್ರೂಪಿನಲ್ಲಿ ಹಾಕಿ.