ಆರ್15 ಬೈಕಿಗೆ ಫ್ರೇಮ್ ಸ್ಲೈಡರ್: ಯಾವುದನ್ನು ಆರಿಸಬೇಕು, ಹೇಗೆ ಕೂರಿಸಬೇಕು?

ಪ್ರಶ್ನೆ: ಕುಲಶೇಖರದಿಂದ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ ಯಮಹಾ ಆರ್15 ವಿ4 ಬೈಕ್ ಇದೆ. ಕಳೆದ ಆಟಿ ತಿಂಗಳ ಮಳೆಗೆ ನಮ್ಮ ಮನೆಯಂಗಳದ ಇಂಟರ್‌ಲಾಕ್ ಮೇಲೆ ಪಾಚಿ ಕಟ್ಟಿತ್ತು. ನಿಲ್ಲಿಸಿ ಒಳಗೆ ಹೋದ ಐದು ನಿಮಿಷದಲ್ಲಿ ಸೈಡ್ ಸ್ಟ್ಯಾಂಡ್ ಜಾರಿ ಬೈಕು ಎಡಕ್ಕೆ ಮಗುಚಿಬಿದ್ದಿತು. ಓಡುತ್ತಿರಲಿಲ್ಲ, ನಿಂತಲ್ಲಿಯೇ ಬಿದ್ದದ್ದು; ಆದರೂ 142 ಕಿಲೋ ಭಾರಕ್ಕೆ ಕ್ಲಚ್ ಲಿವರ್ ಮುರಿಯಿತು, ಫೇರಿಂಗ್‌ನ (ಬೈಕಿನ ಬದಿಯನ್ನು ಮುಚ್ಚುವ ಪ್ಲಾಸ್ಟಿಕ್ ಹೊದಿಕೆಯ) ಎರಡು ಕಿವಿಗಳು ಹಾರಿಹೋದವು, ಎಡಬದಿಯ ಎಂಜಿನ್ ಕವರಿನ ಮೇಲೆ ಆಳವಾದ ಗೀರು ಬಿದ್ದಿತು. ಆ ದಿನದಿಂದ ರಕ್ಷಣೆಗೆ ಏನಾದರೂ ಹಾಕಿಸಲೇಬೇಕೆಂದು ನಿಶ್ಚಯಿಸಿದ್ದೇನೆ.

ನಾನು ಪ್ರತಿದಿನ ನಂತೂರು, ಕೊಟ್ಟಾರ ಚೌಕಿ, ಕೂಳೂರು ದಾರಿಯಾಗಿ ಸುರತ್ಕಲ್‌ಗೆ ಕೆಲಸಕ್ಕೆ ಹೋಗುತ್ತೇನೆ. ರಜೆಯ ದಿನಗಳಲ್ಲಿ ಕಾರ್ಕಳ, ಬಜಗೋಳಿ ದಾಟಿ ಕುದುರೆಮುಖದ ಕಡೆಗೆ ಹೋಗುವುದಿದೆ. ಅಂದರೆ ನಿಂತಲ್ಲಿ ಬೀಳುವ ಭಯವೂ ಇದೆ, ವೇಗದಲ್ಲಿ ಜಾರುವ ಭಯವೂ ಇದೆ. ಅಂಗಡಿಗಳಲ್ಲಿ ನನಗೆ ಮೂರು ಬಗೆ ತೋರಿಸಿದರು: ಕಬ್ಬಿಣದ ಕೊಳವೆಯ ಕ್ರ್ಯಾಶ್ ಗಾರ್ಡ್, ಫೇರಿಂಗ್‌ಗೆ ತೂತು ಕೊರೆದು ಹಾಕುವ ಸ್ಲೈಡರ್ (ಬದಿಗೆ ಚಾಚಿಕೊಂಡು, ಬಿದ್ದಾಗ ಮೊದಲು ನೆಲಕ್ಕೆ ತಾಗುವ ಗಿಡ್ಡ ತುಂಡು), ಮತ್ತು ತೂತು ಕೊರೆಯದೆ ಬಾಗಿದ ಬ್ರಾಕೆಟ್ ಮೂಲಕ ಹೊರಬರುವ ಸ್ಲೈಡರ್. ಒಬ್ಬರು ಗಾರ್ಡ್ ದಪ್ಪವಿರುವುದರಿಂದ ಅದೇ ಗಟ್ಟಿ ಎಂದರು, ಇನ್ನೊಬ್ಬರು ಇದೆಲ್ಲ ಚಂದಕ್ಕೆ ಮಾತ್ರ ಎಂದರು. ನನ್ನಲ್ಲಿ ಸ್ಪ್ಯಾನರ್ ಸೆಟ್ ಇದೆ, ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಿಗಿಯಾಯಿತೆಂದು ತೋರಿಸುವ ಸ್ಪ್ಯಾನರ್) ಇಲ್ಲ. ನಾನೇ ಕೂರಿಸಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಕಟಪಾಡಿಯಿಂದ

ಯಾವುದು ದಪ್ಪ ಎಂದು ನೋಡುವ ಮೊದಲು, ಅದರ ಇನ್ನೊಂದು ತುದಿ ಬೈಕಿನಲ್ಲಿ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ನೋಡಿ. ಬಿದ್ದಾಗ ಸ್ಲೈಡರ್‌ನ ತುದಿಗೆ ತಗಲುವ ಏಟು ಅಲ್ಲಿಯೇ ಮುಗಿಯುವುದಿಲ್ಲ; ಬೋಲ್ಟಿನ ಮೂಲಕ ಒಳಗೆ ಹೋಗಿ ಫ್ರೇಮ್‌ಗೋ ಎಂಜಿನ್‌ಗೋ ಮುಟ್ಟುತ್ತದೆ. ಫ್ರೇಮ್ ಮತ್ತು ಎಂಜಿನ್ ಎರಡನ್ನೂ ಹಾದುಹೋಗುವ ಎಂಜಿನ್ ಮೌಂಟ್ ಬೋಲ್ಟಿನ ಜಾಗದಲ್ಲಿ ಕೂರುವ ಸ್ಲೈಡರ್ ಆದರೆ ಆ ಏಟು ಹಂಚಿಹೋಗುತ್ತದೆ. ಎಂಜಿನ್ನಿನ ಅಲ್ಯೂಮಿನಿಯಂ ಕೇಸಿಗೆ ನೇರವಾಗಿ ತಿರುಗಿಸಿ ಕೂರಿಸುವ ಸೆಟ್ಟುಗಳೂ ಮಾರಾಟಕ್ಕಿವೆ. ಅವನ್ನು ದಯವಿಟ್ಟು ಕೊಳ್ಳಬೇಡಿ. ಫೇರಿಂಗ್ ಉಳಿಸಲು ಹೋಗಿ ಕೇಸಿನ ಕಿವಿ ಸೀಳಿದರೆ ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ.

ಗಾರ್ಡ್ ವಿಷಯ. ಸಾಮಾನ್ಯ ಬೈಕುಗಳಲ್ಲಿ ಎಂಜಿನ್ ಮುಂದೆ ಇಳಿದುಬರುವ ಫ್ರೇಮಿನ ಕೊಳವೆಗೆ ಗಾರ್ಡನ್ನು ಬಿಗಿಯುತ್ತಾರೆ. ಆರ್15ರ ಡೆಲ್ಟಾಬಾಕ್ಸ್ ಫ್ರೇಮ್ ಎಂಜಿನ್ನಿನ ಎರಡೂ ಬದಿಯಲ್ಲಿ ಹಾದುಹೋಗುವುದರಿಂದ ಹಾಗೆ ಹಿಡಿಯಲು ಮುಂದೆ ಕೊಳವೆಯೇ ಇಲ್ಲ. ಹಾಗಾಗಿ ಗಾರ್ಡ್ ಕೂಡ ಅದೇ ಎಂಜಿನ್ ಬೋಲ್ಟಿನಿಂದ ಉದ್ದನೆಯ ತೋಳು ಚಾಚಿ ನೇತಾಡುತ್ತದೆ. ತೋಳು ಉದ್ದವಾದಷ್ಟೂ ಬುಡದಲ್ಲಿ ತಿರುಚುವ ಬಲ ಹೆಚ್ಚು. ನಿಂತಲ್ಲಿ ಬಿದ್ದರೆ ಗಾರ್ಡ್ ಕಾಪಾಡುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ; ಆದರೆ ವೇಗದಲ್ಲಿ ಜಾರುವಾಗ ಅದು ರಸ್ತೆಯ ಹೊಂಡಕ್ಕೋ ಅಂಚಿಗೋ ಸಿಕ್ಕಿಕೊಂಡರೆ ಬೈಕು ಜಾರುವುದನ್ನು ಬಿಟ್ಟು ಮಗುಚಲು ತೊಡಗುತ್ತದೆ.

ಬಾಗಿದ ಬ್ರಾಕೆಟ್‌ಗೂ ಇದೇ ದೋಷ, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ. ಬೋಲ್ಟಿನ ನೇರಕ್ಕೆ ಹೊರಬರುವ, ಅಂದರೆ ತೂತು ಕೊರೆದು ಹಾಕುವ ಸ್ಲೈಡರ್‌ಗೆ ಸಮನಾದದ್ದು ಇಲ್ಲ. ಫೇರಿಂಗ್‌ಗೆ ತೂತು ಕೊರೆಯಲು ಮನಸ್ಸು ಒಪ್ಪುವುದಿಲ್ಲವೆಂದು ನನಗೂ ಗೊತ್ತು, ನಾನೂ ಒಂದು ವಾರ ಯೋಚಿಸಿದ್ದೆ. ಈಗಾಗಲೇ ನಿಮ್ಮ ಎಡ ಫೇರಿಂಗ್‌ನ ಕಿವಿ ಮುರಿದಿರುವುದರಿಂದ, ಹೊಸದನ್ನು ತರಿಸುವ ಮೊದಲು ಹಳೆಯದರ ಮೇಲೆಯೇ ಅಳತೆ ತೆಗೆದು ಕೊರೆದು ನೋಡಿ.

ಉತ್ತರ: ಬೈಕಂಪಾಡಿಯಿಂದ

ನಾನು ಲೇತ್ ಕೆಲಸ ಮಾಡುವವನು, ಆದ್ದರಿಂದ ವಸ್ತು ಮತ್ತು ಬೋಲ್ಟಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಸ್ಲೈಡರ್‌ನ ತುದಿಗೆ ಡೆಲ್ರಿನ್ ಎಂಬ ಪ್ಲಾಸ್ಟಿಕ್ ಒಳ್ಳೆಯದು. ಗಟ್ಟಿಯಾಗಿರುತ್ತದೆ, ರಸ್ತೆಯ ಮೇಲೆ ಉಜ್ಜಿದಾಗ ಸವೆಯುತ್ತದೆಯೇ ಹೊರತು ಸುಲಭವಾಗಿ ಒಡೆಯುವುದಿಲ್ಲ. ನೈಲಾನ್ ನೀರು ಹೀರಿಕೊಂಡು ಸ್ವಲ್ಪ ಉಬ್ಬುತ್ತದೆ, ನಮ್ಮ ಕರಾವಳಿಯ ಮಳೆಗಾಲಕ್ಕೆ ಅದು ಅಷ್ಟು ಹೊಂದುವುದಿಲ್ಲ. ಡೆಲ್ರಿನ್ ಎಂದು ಹೇಳಿ ಅಗ್ಗದ ಪಾಲಿಎಥಿಲೀನ್ ಕೊಡುವುದೂ ಉಂಟು. ಬೋಲ್ಟ್ ಮತ್ತು ಲೋಹದ ಬುಷ್ ತೆಗೆದು ಬರೀ ಪ್ಲಾಸ್ಟಿಕ್ ಭಾಗವನ್ನು ಬಾಲ್ದಿ ನೀರಿಗೆ ಹಾಕಿ: ತೇಲಿದರೆ ಅದು ಡೆಲ್ರಿನ್ ಅಲ್ಲ, ಏಕೆಂದರೆ ಡೆಲ್ರಿನ್ನಿನ ಸಾಂದ್ರತೆ ನೀರಿನ 1.4 ಪಟ್ಟು. ಪೂರಾ ಅಲ್ಯೂಮಿನಿಯಂನ ಮಿನುಗುವ ಸ್ಲೈಡರ್ ಬೇಡ, ಅದು ಡಾಂಬರನ್ನು ಕಚ್ಚುತ್ತದೆ. ಬೋಲ್ಟಿನ ತಲೆ ಪ್ಲಾಸ್ಟಿಕ್ಕಿನೊಳಗೆ ಕನಿಷ್ಠ ಎರಡು ಸೆಂಟಿಮೀಟರ್ ಆಳದಲ್ಲಿ ಇರಬೇಕು. ಮೇಲೆಯೇ ಇದ್ದರೆ ಸ್ವಲ್ಪ ಸವೆದ ಕೂಡಲೇ ಕಬ್ಬಿಣ ರಸ್ತೆಗೆ ತಾಗುತ್ತದೆ.

ಬೋಲ್ಟಿನ ತಲೆಯ ಮೇಲೆ 10.9 ಎಂದು ಕೆತ್ತಿದ್ದರೆ ಅದರ ಎಳೆತದ ಬಲ ಸುಮಾರು 1000 ಮೆಗಾಪಾಸ್ಕಲ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟ್ ಎ2-70 ಆಗಿದ್ದರೆ ಬರೀ 700. ತುಕ್ಕು ಹಿಡಿಯುವುದಿಲ್ಲವೆಂದು ಎಂಜಿನ್ ಮೌಂಟ್‌ಗೆ ಸ್ಟೇನ್‌ಲೆಸ್ ಹಾಕುವುದು ತಪ್ಪು. ಪಣಂಬೂರಿನ ಉಪ್ಪುಗಾಳಿಯಲ್ಲಿ ಅದು ಅಲ್ಯೂಮಿನಿಯಂ ಥ್ರೆಡ್ಡಿನೊಳಗೆ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕೊರೆದು ಬೋಲ್ಟ್ ಹೊರಬಾರದಂತೆ ಆಗುತ್ತದೆ. ಇನ್ನೊಂದು ಮಾತನ್ನು ಮರೆಯಬೇಡಿ. ಜಪಾನಿ ಬೈಕುಗಳ 10 ಎಂಎಂ ಬೋಲ್ಟಿನ ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನದಕ್ಕಿರುವ ಅಂತರ) ಸಾಮಾನ್ಯವಾಗಿ 1.25 ಎಂಎಂ, ಹಾರ್ಡ್‌ವೇರ್ ಅಂಗಡಿಯ 10 ಎಂಎಂ ಬೋಲ್ಟಿನ ಪಿಚ್ 1.5. ಎರಡು ಸುತ್ತು ಒಳಗೆ ಹೋದಂತೆ ಕಂಡು ಅಲ್ಲಿ ಬಿಗಿಯಾಗುತ್ತದೆ; ಆಗ ಬಲ ಹಾಕಿದರೆ ಥ್ರೆಡ್ ಹಾಳಾದಂತೆಯೇ. ಮೊದಲ ಐದಾರು ಸುತ್ತು ಬರೀ ಬೆರಳಿನಿಂದ ತಿರುಗಬೇಕು.

ಉತ್ತರ: ಮಣಿಪಾಲದಿಂದ

ಮೇಲಿನ ಇಬ್ಬರೂ ಹೇಳಿದ್ದಕ್ಕೆ ನಾನು ಉದ್ದದ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ನಾನು ಅದರಲ್ಲಿಯೇ ತಪ್ಪಿದವಳು. ಹಿಂದಿನ ಬೈಕಿಗೆ, ಹೆಚ್ಚು ಹೊರಗೆ ಬಂದರೆ ಹೆಚ್ಚು ರಕ್ಷಣೆ ಎಂದು ಭಾವಿಸಿ ಅತಿ ಉದ್ದದ ಸ್ಲೈಡರ್ ಹಾಕಿಸಿದ್ದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಒಂದರಲ್ಲಿ, ಮಂಜು ಕವಿದ ಬೆಳಿಗ್ಗೆ, ತೀರಾ ನಿಧಾನವಾಗಿ ಜಾರಿಬಿದ್ದೆ. ನನಗೆ ಪೆಟ್ಟಾಗಲಿಲ್ಲ. ಆದರೆ ಸ್ಲೈಡರ್ ಚರಂಡಿಯ ಕಲ್ಲಂಚಿಗೆ ಸಿಕ್ಕಿ ಸನ್ನೆಗೋಲಿನಂತೆ ಕೆಲಸ ಮಾಡಿತು. ಫೇರಿಂಗ್ ಮೇಲೆ ಒಂದು ಗೀರೂ ಇರಲಿಲ್ಲ, ಫ್ರೇಮಿನ ಬೋಲ್ಟಿನ ಜಾಗ ಮಾತ್ರ ಒಳಕ್ಕೆ ತಿರುಚಿತ್ತು. ಆ ಬೈಕನ್ನು ಕೊನೆಗೆ ಮಾರಬೇಕಾಯಿತು.

ಅಳತೆ ಮಾಡುವುದು ಹೀಗೆ. ಬೈಕನ್ನು ಪ್ಯಾಡಾಕ್ ಸ್ಟ್ಯಾಂಡಿನ (ಹಿಂಚಕ್ರವನ್ನು ಎತ್ತಿಹಿಡಿಯುವ ಸ್ಟ್ಯಾಂಡಿನ) ಮೇಲೆ ನೇರವಾಗಿ ನಿಲ್ಲಿಸಿ, ನೇರವಾದ ಒಂದು ಮರದ ಪಟ್ಟಿಯನ್ನು ಹ್ಯಾಂಡಲ್ ತುದಿಯಿಂದ ಫುಟ್‌ಪೆಗ್ ತುದಿಗೆ ಹಿಡಿಯಿರಿ. ಬೈಕು ಬಿದ್ದಾಗ ನೆಲ ಇರುವುದು ಹೆಚ್ಚುಕಡಿಮೆ ಆ ಪಟ್ಟಿಯ ಜಾಗದಲ್ಲಿ. ಸ್ಲೈಡರ್ ಆ ಗೆರೆಯನ್ನು ಮುಟ್ಟಬೇಕು, ಫೇರಿಂಗ್ ಮತ್ತು ಎಂಜಿನ್ ಕವರ್ ಒಂದು ಬೆರಳಿನಷ್ಟು ಒಳಗೆ ಉಳಿಯಬೇಕು. ಅಷ್ಟಿದ್ದರೆ ಸಾಕು. ಹ್ಯಾಂಡಲ್ ತುದಿಯ ಭಾರವಾದ ಬಾರ್ ಎಂಡ್ ಮತ್ತು ಹಿಂದಿನ ಸ್ವಿಂಗ್‌ಆರ್ಮ್ ಸ್ಪೂಲ್ (ಹಿಂಚಕ್ರ ಹಿಡಿದ ತೋಳಿಗೆ ಬದಿಯಲ್ಲಿ ಕೂರಿಸುವ ಗುಬುಟು) ಜೊತೆಗಿದ್ದರೆ ಬೈಕು ಮೂರು ಕಡೆ ಊರಿ ನಿಲ್ಲುತ್ತದೆ. ಲಿವರ್ ಉಳಿಯುವುದೂ ಇದರಿಂದಲೇ.

ನೀವೇ ಕೂರಿಸಬಹುದು, ಆದರೆ ಟಾರ್ಕ್ ರೆಂಚ್ ಇಲ್ಲದೆ ಬೇಡ. ಬಾಡಿಗೆಗೋ ಪರಿಚಯದ ಗ್ಯಾರೇಜಿನಿಂದಲೋ ತನ್ನಿ. ಎಂಜಿನ್ ಕೆಳಗೆ ಜ್ಯಾಕ್ ಇಟ್ಟು, ನಡುವೆ ಮರದ ತುಂಡು ಕೊಟ್ಟು, ಭಾರವನ್ನು ಸ್ವಲ್ಪ ಎತ್ತಿಹಿಡಿದ ಮೇಲೆಯೇ ಬೋಲ್ಟ್ ಬಿಚ್ಚಿ. ಎರಡೂ ಬದಿಯನ್ನು ಒಟ್ಟಿಗೆ ಬಿಚ್ಚಿದರೆ ಎಂಜಿನ್ ಕೆಳಗಿಳಿದು ತೂತುಗಳ ನೇರ ತಪ್ಪುತ್ತದೆ, ಆದ್ದರಿಂದ ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಬಿಗಿತದ ಅಂಕಿಯನ್ನು ಸರ್ವಿಸ್ ಮ್ಯಾನುಯಲ್ಲಿನಿಂದ ತೆಗೆದುಕೊಳ್ಳಿ, ವೀಡಿಯೊ ನೋಡಿ ಅಲ್ಲ. ಬೋಲ್ಟ್ ಸಡಿಲವಾಗದಂತೆ ಥ್ರೆಡ್ಡಿಗೆ ಹಚ್ಚುವ ಅಂಟು, ನೀಲಿ ಲಾಕ್‌ಟೈಟ್ ಎರಡು ಹನಿ ಸಾಕು. ಅದೇ ಥ್ರೆಡ್ಡಿಗೆ ಗ್ರೀಸ್ ಹಚ್ಚಬೇಡಿ, ಹಚ್ಚಿದರೆ ರೆಂಚ್ ತೋರಿಸುವುದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ.

ಮರುಪ್ರಶ್ನೆ: ಕುಲಶೇಖರದಿಂದ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಪಟ್ಟಿ ಹಿಡಿದು ನೋಡಿದೆ. ಅಂಗಡಿಯವರು ತೋರಿಸಿದ್ದ ಬ್ರಾಕೆಟ್ ಸ್ಲೈಡರ್ ಆ ಗೆರೆಯಿಂದ ಸುಮಾರು ಎರಡು ಇಂಚು ಹೊರಗೆ ಬರುತ್ತದೆಂದು ಗೊತ್ತಾದದ್ದರಿಂದ ಅದನ್ನು ಬಿಟ್ಟು, ತೂತು ಕೊರೆದು ಹಾಕುವ ಸೆಟ್ಟನ್ನೇ ತಂದಿದ್ದೇನೆ, ನೀರಿನಲ್ಲಿ ಮುಳುಗಿತು. ಒಂದು ಸಂದೇಹ ಉಳಿದಿದೆ: ಒಮ್ಮೆ ಬಿದ್ದ ಮೇಲೆ ಸವೆದ ಪ್ಲಾಸ್ಟಿಕ್ ತುದಿಯನ್ನು ಮಾತ್ರ ಬದಲಿಸಿದರೆ ಸಾಕೇ?

ಉತ್ತರ: ಬೈಕಂಪಾಡಿಯಿಂದ

ಸಾಲದು. ಬೋಲ್ಟನ್ನೂ ಬದಲಿಸಿ, ಅದು ನೋಡಲು ನೇರವಾಗಿದ್ದರೂ ಸಹ. ಹಳೆಯದನ್ನು ಗಾಜಿನ ಮೇಲೆ ಉರುಳಿಸಿ ನೋಡಿದರೆ ಬಾಗಿರುವುದು ಹೆಚ್ಚಾಗಿ ಕಾಣುತ್ತದೆ. ಬಿಚ್ಚಿದಾಗ ಮೌಂಟ್ ಸುತ್ತ ಫ್ರೇಮಿನ ಬಣ್ಣ ಕೂದಲೆಳೆಯಂತೆ ಬಿರಿದಿದೆಯೇ ಎಂದು ಟಾರ್ಚ್ ಹಿಡಿದು ಪರೀಕ್ಷಿಸಿ. ಬಿರಿದಿದ್ದರೆ ಹೊಸ ಸ್ಲೈಡರ್ ಹಾಕದೆ ಮೊದಲು ಫ್ರೇಮ್ ತೋರಿಸಿ. ಈಗ ಕೂರಿಸಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿಡಿ, 500 ಕಿಲೋಮೀಟರ್ ಆದ ಮೇಲೆ ಆ ಗೆರೆ ಮುರಿದಿದೆಯೇ ನೋಡಿ; ಮುರಿದಿದ್ದರೆ ಬೋಲ್ಟ್ ಸಡಿಲವಾಗಿದೆ ಎಂದರ್ಥ.