ಮೂರೂವರೆ ತಿಂಗಳ ಮಗು ನಿನ್ನೆಯಿಂದ ಇದ್ದಕ್ಕಿದ್ದಂತೆ ಜಾಸ್ತಿ ಅಳುತ್ತಿದೆ (ಕಾರಣ ಸಿಕ್ಕಿತು)

ಪುಟ್ಟಿಯಪ್ಪ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲಿ ಬರೆಯುತ್ತಿದ್ದೇನೆ.

ಮಗಳಿಗೆ ಮೂರೂವರೆ ತಿಂಗಳು. ಹೆಂಡತಿ ಇನ್ನೂ ತವರಿನಲ್ಲೇ ಇದ್ದಾಳೆ, ಚನ್ನಗಿರಿ ಹತ್ತಿರ. ನಾನು ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ಎರಡನೇ ತಿಂಗಳಲ್ಲಿ ಸಂಜೆ ಆದರೆ ಸಾಕು, ರಚ್ಚೆ ಹಿಡಿಯುತ್ತಿದ್ದಳು. ಅದು ತಾನಾಗೇ ಕಡಿಮೆಯಾಗಿ, ಈಗೊಂದು ತಿಂಗಳಿಂದ ಆರಾಮಾಗಿದ್ದಳು.

ನಿನ್ನೆ ಮಧ್ಯಾಹ್ನದಿಂದ ಮತ್ತೆ ಶುರುವಾಗಿದೆ. ಆದರೆ ಈ ಅಳು ಬೇರೆ ಥರ. ಹಾಲು ಕುಡಿಯುತ್ತಾ ಕುಡಿಯುತ್ತಾ ಕಿಟಾರನೆ ಕಿರುಚುತ್ತಾಳೆ. ಎತ್ತಿಕೊಂಡು ಓಡಾಡಿದರೂ ನಿಲ್ಲಿಸಲ್ಲ. ಸುಸ್ತಾಗಿ ಹತ್ತು ನಿಮಿಷ ಮಲಗುತ್ತಾಳೆ, ಮತ್ತೆ ಎದ್ದು ಚೀರುತ್ತಾಳೆ.

ನಾವು ನೋಡಿದ್ದು: ಜ್ವರ ಇಲ್ಲ (98.4). ಉಚ್ಚೆ ಸರಿಯಾಗಿ ಹೋಗುತ್ತಿದ್ದಾಳೆ, ಕಕ್ಕವೂ ಮಾಮೂಲಿ. 14 ವಾರದ ಲಸಿಕೆ ಹಾಕಿಸಿ ಒಂಬತ್ತು ದಿನ ಆಯ್ತು. ಬೆಳಿಗ್ಗೆ ಒಂದು ಕ್ಲಿನಿಕ್‌ಗೆ ತೋರಿಸಿದೆವು. ಹೊಟ್ಟೆ ಒತ್ತಿ ನೋಡಿ ಗ್ಯಾಸ್ ಅಂತ ಡ್ರಾಪ್ಸ್ ಬರೆದುಕೊಟ್ಟರು. ಕೊಟ್ಟಿದ್ದಾಯ್ತು, ಏನೂ ವ್ಯತ್ಯಾಸ ಇಲ್ಲ. ಅತ್ತೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ದೃಷ್ಟಿಯನ್ನೂ ತೆಗೆದರು. ಈಗ ಬಜೆ ತೇಯ್ದು ಕೊಡೋಣ ಅಂತಿದ್ದಾರೆ. ಕೊಡಬಹುದಾ?

ಮಳೆ, ಚಳಿ ಅಂತ ಎರಡು ದಿನದಿಂದ ಸ್ನಾನ ಮಾಡಿಸಿಲ್ಲ, ಬರೀ ಮುಖ, ಕೈ ಒರೆಸಿದ್ದು. ಅದಕ್ಕೂ ಇದಕ್ಕೂ ಸಂಬಂಧ ಇರುತ್ತಾ ಗೊತ್ತಿಲ್ಲ, ಸುಮ್ನೆ ಹೇಳಿದೆ.

ತುಂಗಾತೀರ

ಮೂರು ತಿಂಗಳ ಹೊತ್ತಿಗೆ ಮಕ್ಕಳು ದಿಢೀರನೆ ಬೆಳೆಯುತ್ತವೆ. ಹಸಿವು ಜಾಸ್ತಿ ಇರುತ್ತೆ. ಇನ್ನೂ ಬೇಗ ಬೇಗ ಹಾಲು ಕೊಡಿ, ಸರಿ ಹೋಗುತ್ತೆ.

ಎರಡು ಮಕ್ಕಳ ಅಮ್ಮ

ನಮ್ಮನೇಲಿ ಇಬ್ಬರಿಗೂ ಗ್ರೈಪ್ ವಾಟರ್ ಕೊಟ್ಟಿದ್ದೆವು. ಪಟ್ ಅಂತ ಸುಮ್ಮನಾಗುತ್ತಿದ್ದರು.

ನಿವೃತ್ತ ಸಿಸ್ಟರ್

ಪುಟ್ಟಿಯಪ್ಪ ಅವರೇ, ಬಜೆ ಬೇಡ, ಗ್ರೈಪ್ ವಾಟರೂ ಬೇಡ. ಆರು ತಿಂಗಳವರೆಗೆ ತಾಯಿ ಹಾಲು ಬಿಟ್ಟು ನೀರು ಕೂಡ ಬೇಕಿಲ್ಲ. ಬಜೆ ತೇಯುವಾಗ ಕೆಲವರು ಜೇನು ಸೇರಿಸುತ್ತಾರೆ. ಅದಂತೂ ಒಂದು ವರ್ಷ ತುಂಬುವ ತನಕ ಬೇಡವೇ ಬೇಡ. ಅದರಲ್ಲಿ ಬೊಟುಲಿಸಂ ಅನ್ನೋ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು.

ಹಸಿವಾದರೆ ಹಾಲು ಬಾಯಿಗೆ ಬಿದ್ದ ತಕ್ಷಣ ಸುಮ್ಮನಾಗಬೇಕಲ್ವಾ? ನಿಮ್ಮ ಮಗಳು ಕುಡಿಯುತ್ತಾ ಇರುವಾಗಲೇ ಕಿರುಚುತ್ತಿದ್ದಾಳೆ. ಲಸಿಕೆಯ ನೋವು, ಜ್ವರ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ, ಒಂಬತ್ತು ದಿನ ಆದಮೇಲೆ ಬರಲ್ಲ. ಒಂದು ತಿಂಗಳು ಆರಾಮಾಗಿದ್ದ ಮಗು ಗಂಟೆ ಹೊಡೆದ ಹಾಗೆ ಒಂದು ಮಧ್ಯಾಹ್ನದಿಂದ ಚೀರೋಕೆ ಶುರು ಮಾಡಿದರೆ, ಎಲ್ಲೋ ನೋಯುತ್ತಿದೆ ಅಂತಲೇ ಹಿಡಿಯಬೇಕು. ನಾನು ಮಕ್ಕಳ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು, ಇಂಥದ್ದಕ್ಕೆ ಮೊದಲು ಮಾಡುತ್ತಿದ್ದ ಕೆಲಸ ಒಂದೇ: ಬಟ್ಟೆ ಪೂರ್ತಿ ಬಿಚ್ಚುವುದು.

ಈಗಲೇ ಬಾಗಿಲು ಹಾಕಿ, ರೂಮು ಬೆಚ್ಚಗೆ ಮಾಡಿ, ಮಗುವನ್ನು ಲೈಟಿನ ಕೆಳಗೆ ಮಲಗಿಸಿ. ಕುಲಾವಿ, ಸಾಕ್ಸ್, ಡೈಪರ್, ಉಡಿದಾರ, ಕಾಲ್ಗೆಜ್ಜೆ ಎಲ್ಲ ತೆಗೆಯಿರಿ. ಕಣ್ಣಲ್ಲಿ ನೀರು ಸುರಿಯುತ್ತಾ, ಒಂದು ಕಣ್ಣು ಮುಚ್ಚಿಕೊಂಡೇ ಇದೆಯಾ ನೋಡಿ. ತನ್ನ ಉಗುರಿನಿಂದಲೇ ಕಣ್ಣು ಗೀರಿಕೊಳ್ಳುತ್ತವೆ. ತೊಡೆಸಂದಿಯಲ್ಲಿ ಗಂಟಿನ ಥರ ಊದಿದೆಯಾ? ಹರ್ನಿಯಾ ಇರಬಹುದು. ಆಮೇಲೆ ಕೈಕಾಲಿನ ಇಪ್ಪತ್ತೂ ಬೆರಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಬುಡದ ಸಂದಿಯನ್ನೂ ಬಿಡಬೇಡಿ.

ನೋಡಿ ಹೇಳಿ. ನಾನು ಎಚ್ಚರವಾಗೇ ಇರುತ್ತೇನೆ.

ಪುಟ್ಟಿಯಪ್ಪ

ಸಿಕ್ಕಿತು ಮೇಡಂ!! ಎಡಗಾಲಿನ ಮೂರನೇ ಬೆರಳು. ನೆನೆಸಿದ ಕಡಲೆಕಾಳಿನ ಹಾಗೆ ಊದಿಕೊಂಡಿದೆ, ಕೆಂಪಗಿದೆ. ಬುಡದಲ್ಲಿ ದಾರ ಬಿಗಿದ ಹಾಗೆ ಒಂದು ಗೆರೆ. ಮೊಬೈಲ್ ಟಾರ್ಚ್ ಹಿಡಿದರೆ ಕೂದಲಿನ ತುದಿ ಕಾಣುತ್ತೆ, ಆದರೆ ಉಗುರಿಗೆ ಸಿಗುತ್ತಿಲ್ಲ. ಮುಟ್ಟಿದರೆ ಪ್ರಾಣ ಹೋಗೋ ಥರ ಅಳುತ್ತಾಳೆ.

ನಿವೃತ್ತ ಸಿಸ್ಟರ್

ಕೆದಕಬೇಡಿ. ಬ್ಲೇಡು, ಸೂಜಿ ಹತ್ತಿರವೂ ತರಬೇಡಿ. ಊದಿದ ಚರ್ಮದೊಳಗೆ ಕೂದಲು ಕೂತುಬಿಟ್ಟಿರುತ್ತೆ, ಎಷ್ಟು ಸುತ್ತು ಇದೆ ಅಂತ ಹೊರಗಿನಿಂದ ಗೊತ್ತಾಗಲ್ಲ. ಬೆಳಗಾಗಲಿ ಅಂತಲೂ ಕಾಯಬೇಡಿ. ರಕ್ತ ಓಡಾಡದೆ ಹೋದರೆ ಬೆರಳಿಗೇ ಕುತ್ತು. 24 ಗಂಟೆ ತೆರೆದಿರುವ ಆಸ್ಪತ್ರೆಗೆ ಈಗಲೇ ಹೊರಡಿ. ಸಾಕ್ಸ್ ಮತ್ತೆ ಹಾಕಬೇಡಿ, ಟವೆಲ್ ಸುತ್ತಿಕೊಂಡು ಹೋಗಿ.

ಪುಟ್ಟಿಯಪ್ಪ

ರಾತ್ರಿ ಬರೆಯೋಕೆ ಆಗಲಿಲ್ಲ, ಕ್ಷಮಿಸಿ.

ಡಾಕ್ಟರು ಭೂತಗನ್ನಡಿ ಹಿಡಿದು, ಸಣ್ಣ ಕತ್ತರಿಯಿಂದ ಕತ್ತರಿಸಿ ತೆಗೆದರು. ಎರಡು ಕೂದಲು, ನಾಲ್ಕೈದು ಸುತ್ತು. ತೆಗೆದ ಮೇಲೂ ಐದು ನಿಮಿಷ ಅತ್ತಳು. ಆಮೇಲೆ ಅಮ್ಮನ ಹೆಗಲ ಮೇಲೆ ನಿದ್ದೆ ಹೋದವಳು ಬೆಳಿಗ್ಗೆವರೆಗೆ ಎರಡೇ ಸಲ ಎದ್ದಿದ್ದು. ಬೆರಳಿನ ಬಣ್ಣ ವಾಪಸ್ ಬಂದಿದೆ. ಊತ ಇನ್ನೂ ಸ್ವಲ್ಪ ಇದೆ. ನಾಳೆ ಮತ್ತೆ ತೋರಿಸಬೇಕು.

ಆಗಿದ್ದು ಇಷ್ಟು. ಹೆರಿಗೆಯಾಗಿ ಮೂರು ತಿಂಗಳಾದ ಮೇಲೆ ಹೆಂಡತಿಗೆ ಕೂದಲು ಸಿಕ್ಕಾಪಟ್ಟೆ ಉದುರುತ್ತಿದೆ. ಬಾಣಂತಿಯರಿಗೆ ಈ ಹೊತ್ತಿಗೆ ಉದುರುವುದು ಮಾಮೂಲಿಯಂತೆ. ಅದು ಸಾಕ್ಸ್ ಒಳಗೆ ಸೇರಿಕೊಂಡಿದೆ. ಕೂದಲು ಒದ್ದೆಯಾದಾಗ ಹಿಗ್ಗುತ್ತೆ, ಒಣಗಿದಾಗ ಕುಗ್ಗಿ ಬಿಗಿಯುತ್ತೆ ಅಂತ ಡಾಕ್ಟರು ಹೇಳಿದರು. ಚಳಿ ಅಂತ ನಾವು ಸಾಕ್ಸ್ ಬಿಚ್ಚಲೇ ಇಲ್ಲ. ದಿನಾ ಎಣ್ಣೆ ಹಚ್ಚಿ ಸ್ನಾನ ಮಾಡಿಸುವಾಗ ಬೆರಳೆಲ್ಲ ನೀವುತ್ತಿದ್ದರು, ಮಾಡಿಸಿದ್ದರೆ ಅವತ್ತೇ ಸಿಗುತ್ತಿತ್ತು. ಕ್ಲಿನಿಕ್‌ನಲ್ಲೂ ಬಿಚ್ಚಿ ನೋಡಲಿಲ್ಲ. ಅವರನ್ನೇನು ಬೈಯೋದು, ಮನೇಲಿ ನಾಲ್ಕು ಜನ ಇದ್ದು ನಾವೂ ನೋಡಿರಲಿಲ್ಲ.

ಹೆಂಡತಿ "ನನ್ನ ಕೂದಲಿನಿಂದಲೇ ಹೀಗಾಯ್ತು" ಅಂತ ಅಳುತ್ತಾ ಕೂತಿದ್ದಾಳೆ. ಈಗ ಅವಳನ್ನು ಸಮಾಧಾನ ಮಾಡುವ ಕೆಲಸ.

ಹೊಸ ಅಮ್ಮ ಹಾಸನ

ಇದನ್ನು ಓದಿ ಈಗಷ್ಟೇ ನನ್ನ ಮಗನ ಬೆರಳೆಲ್ಲ ನೋಡಿದೆ, ಏನೂ ಇಲ್ಲ. ಅವನಿಗೆ ಐದೂವರೆ ವಾರ. ಒಂದು ವಾರದಿಂದ ಸಂಜೆ ಆರರಿಂದ ಒಂಬತ್ತರವರೆಗೆ ಬರೀ ಅಳು. ಹಗಲೆಲ್ಲ ಚೆನ್ನಾಗಿರುತ್ತಾನೆ, ಹಾಲು ಕುಡಿಯುತ್ತಾನೆ, ತೂಕವೂ ಏರುತ್ತಿದೆ. ನನ್ನ ಹಾಲೇ ಸಾಲುತ್ತಿಲ್ಲ ಅಂತ ಮನೇಲಿ ಎಲ್ಲರೂ ಹೇಳುತ್ತಾರೆ.

ನಿವೃತ್ತ ಸಿಸ್ಟರ್

ನಿಮ್ಮದು ಬೇರೆ ಕಥೆ, ಅಮ್ಮಾ. ಎರಡು ವಾರದಿಂದ ಅಳು ಏರುತ್ತಾ ಹೋಗಿ ಸುಮಾರು ಆರನೇ ವಾರಕ್ಕೆ ತುದಿ ಮುಟ್ಟುತ್ತೆ, ಮೂರು–ನಾಲ್ಕು ತಿಂಗಳ ಹೊತ್ತಿಗೆ ಇಳಿಯುತ್ತೆ. ಪುಟ್ಟಿಯೂ ಎರಡನೇ ತಿಂಗಳಲ್ಲಿ ಹಾಗೇ ಅತ್ತಿದ್ದಳು, ಮೇಲೆ ಓದಿ. ತೂಕ ಏರುತ್ತಿದ್ದು, ದಿನಕ್ಕೆ ಆರೇಳು ಸಲ ಉಚ್ಚೆ ಹೋದರೆ ಹಾಲು ಸಾಲುತ್ತಿದೆ ಅಂತಲೇ ಲೆಕ್ಕ. ಹೇಳಿದವರಿಗೆ ಇದನ್ನು ತೋರಿಸಿ.

ಸಂಜೆ ಮನೇಲಿ ಟಿವಿ, ನೆಂಟರು, ಸಾಂಬ್ರಾಣಿ ಹೊಗೆ ಎಲ್ಲ ಒಟ್ಟಿಗೆ ಇರುತ್ತಾ? ಕಡಿಮೆ ಮಾಡಿ. ಹೊಗೆ ಹೇಗೂ ಮಗುವಿನ ಎದೆಗೆ ಒಳ್ಳೆಯದಲ್ಲ. ಎದೆಗವುಚಿಕೊಂಡು ಮಂದ ಬೆಳಕಿನಲ್ಲಿ ಓಡಾಡಿ. ನಿಮಗೇ ತಲೆ ಕೆಟ್ಟು ಸಿಟ್ಟು ಬಂತಾ, ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಆಚೆ ಹೋಗಿ ನಿಲ್ಲಿ. ಯಜಮಾನರ ಕೈಗೆ ಕೊಡಿ. ಎಷ್ಟೇ ಅತ್ತರೂ ಮಗುವನ್ನು ಕುಲುಕಬಾರದು, ಮಿದುಳಿಗೆ ಪೆಟ್ಟಾಗುತ್ತೆ.

ಈ ವಯಸ್ಸಿನಲ್ಲಿ 100.4 ಡಿಗ್ರಿ ಜ್ವರ ಬಂದರೆ ಮನೆಮದ್ದು ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಹಸಿರು ವಾಂತಿ, ಕಕ್ಕದಲ್ಲಿ ರಕ್ತ, ಹಾಲು ಬಿಟ್ಟು ಮಂಕಾಗಿ ಮಲಗುವುದು, ಇವಕ್ಕೂ ಅಷ್ಟೇ.

ಹೊಸ ಅಮ್ಮ ಹಾಸನ

ಟಿವಿ, ನೆಂಟರು, ಸಾಂಬ್ರಾಣಿ, ಮೂರೂ ಇವೆ ಮೇಡಂ 😅 ಇವತ್ತು ಸಂಜೆ ರೂಮಿನ ಬಾಗಿಲು ಹಾಕಿಕೊಳ್ಳುತ್ತೇನೆ.

ಪುಟ್ಟಿಯಪ್ಪ

ಬೆರಳು ಪೂರ್ತಿ ಸರಿಯಾಗಿದೆ, ಗೆರೆ ಮಾತ್ರ ತೆಳ್ಳಗೆ ಉಳಿದಿದೆ. ಅತ್ತೆ ಈಗ ಸಾಕ್ಸ್‌ಗಳನ್ನು ಬೇರೆಯಾಗಿ ಒಗೆದು, ಒಳಗಿನದು ಹೊರಗೆ ತಿರುವಿ, ಬಿಸಿಲಲ್ಲಿ ಹಿಡಿದು ನೋಡುತ್ತಾರೆ. ನಿನ್ನೆ ಒಂದರಲ್ಲೇ ಮೂರು ಕೂದಲು ಸಿಕ್ಕವು.