ಶಾಲೆಯ ರಿಜಿಸ್ಟರ್‌ನಲ್ಲಿ ನಿಮ್ಮ ಮಗುವಿನ ಬಗ್ಗೆ ಏನು ಬರೆದಿದೆ, ಈಗಲೇ ಹೋಗಿ ನೋಡಿ

ಎಲ್ಲರಿಗೂ ನಮಸ್ಕಾರ. ಪುಣೆಯ ಹಿಂಜವಡಿಯ ಅಕ್ಕ ಒಬ್ಬರು ಇಲ್ಲಿ ಕೇಳಿದ್ದರು, ಮಗಳ ಶಾಲೆಯಲ್ಲಿ ಯೂನಿಟ್ ಟೆಸ್ಟ್ ಆದ ಕೂಡಲೇ ಇಡೀ ತರಗತಿಯ ಅಂಕಗಳನ್ನು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕ್ತಾರೆ, ಇದು ಸರೀನಾ ಅಂತ. ಚಿಂಚವಡದ ಅಣ್ಣ ಒಬ್ಬರದು ಬೇರೆ ತೊಂದರೆ. ವರ್ಗವಾಗಿ ಬೆಂಗಳೂರಿಗೆ ಹೊರಟಿದ್ದಾರೆ, ಎಲ್‌ಸಿ, ಅಂದ್ರೆ ಶಾಲೆ ಬಿಟ್ಟ ಪ್ರಮಾಣಪತ್ರ, ಕೈಗೆ ಬಂದ ಮೇಲೆ ಮಗನ ಹೆಸರು ತಪ್ಪಾಗಿರುವುದು ಗೊತ್ತಾಗಿದೆ. ನಾನು ಪುಣೆಯಲ್ಲೇ ಒಂದು ಕಾಲೇಜಿನ ಪ್ರವೇಶ ವಿಭಾಗದಲ್ಲಿ ಕೆಲಸ ಮಾಡುವವಳು, ದಿನಾ ಕೈಯಲ್ಲಿ ಹಿಡಿಯುವುದು ಇದೇ ಕಾಗದಗಳನ್ನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು ಹೇಳುವುದು ಇಷ್ಟೇ. ಶಾಲೆಯ ಕಪಾಟಿನಲ್ಲಿದ್ದರೂ ಆ ದಾಖಲೆ ನಮ್ಮ ಮಗುವಿನದ್ದು. ಅದರಲ್ಲಿ ಏನಿದೆ ಅಂತ ನೋಡುವುದು, ತಪ್ಪಿದ್ದರೆ ತಿದ್ದಿಸುವುದು, ಯಾರ ಕೈಗೆಲ್ಲ ಹೋಗ್ತಿದೆ ಅಂತ ಕೇಳುವುದು, ಮೂರನ್ನೂ ನಾವು ಮಾಡಬೇಕು. ಹೊರನಾಡಿನಲ್ಲಿರುವ ನಾವು ಇದಕ್ಕೆ ಜಾಸ್ತಿ ಹಿಂಜರಿಯುತ್ತೇವೆ. ಮರಾಠಿ ಅಷ್ಟು ಸರಾಗ ಬರಲ್ಲ, ಸುಮ್ನೆ ಯಾಕೆ ತಕರಾರು, ನಾಳೆ ಮಗುವಿನ ಮೇಲೆ ಸಿಟ್ಟು ತೀರಿಸಿಕೊಂಡರೆ ಏನು ಗತಿ ಅನ್ನೋ ಅಳುಕು. ಆ ಅಳುಕು ನನಗೆ ಅರ್ಥ ಆಗುತ್ತೆ. ಆದರೆ ಅದರ ಬೆಲೆ ಹತ್ತನೇ ಕ್ಲಾಸು ಮುಗಿದ ಮೇಲೆ ಮಗು ತೆರುತ್ತದೆ.

ಹೆಸರಿನಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ನಮ್ಮವರು ಅತಿ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಮಹಾರಾಷ್ಟ್ರದಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಮಗುವಿನ ಹೆಸರು, ಕೊನೆಗೆ ಅಪ್ಪನ ಹೆಸರು. ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಕಡೆಯವರಿಗೆ ಅಡ್ಡಹೆಸರು ಇರುತ್ತೆ, ಅವರಿಗೆ ಅಷ್ಟು ಕಷ್ಟ ಇಲ್ಲ. ಮೈಸೂರು, ಮಂಡ್ಯ, ಹಾಸನದವರ ಪಾಡು ಬೇರೆ. ನಮ್ಮಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಮುಗೀತು. ಇಲ್ಲಿನ ಫಾರಂನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಡೋಕೆ ಬಿಡಲ್ಲ. ಗುಮಾಸ್ತರು 'ಎಂ ಅಂದ್ರೇನು' ಅಂತ ಕೇಳ್ತಾರೆ, ನಾವು ಮದ್ದೂರು ಅಂತೀವಿ, ಅಲ್ಲಿಗೆ ಮದ್ದೂರು ಅನ್ನೋದು ಮಗುವಿನ ಮನೆತನದ ಹೆಸರಾಗಿ ಜನರಲ್ ರಿಜಿಸ್ಟರ್, ಅಂದ್ರೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಕೂತುಬಿಡುತ್ತೆ. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಶಾಲೆಯಲ್ಲಿ ಮೂರನೆಯದು. ಎಸ್‌ಎಸ್‌ಸಿ, ಅಂದ್ರೆ ಹತ್ತನೇ ಕ್ಲಾಸಿನ ಪರೀಕ್ಷೆಗೆ ಶಾಲೆ ಅರ್ಜಿ ತುಂಬುವಾಗ ರಿಜಿಸ್ಟರ್‌ನಲ್ಲಿದ್ದದ್ದೇ ಹೋಗುತ್ತೆ, ಅದೇ ಮಾರ್ಕ್ಸ್ ಕಾರ್ಡಿಗೆ ಬರುತ್ತೆ, ಅಲ್ಲಿಂದ ಪಾಸ್‌ಪೋರ್ಟ್, ವೀಸಾ ತನಕ ಬೆನ್ನು ಹತ್ತುತ್ತೆ.

ಎಲ್‌ಸಿ ಒಂದನ್ನು ಎದುರಿಗಿಟ್ಟುಕೊಂಡು ನಿಧಾನವಾಗಿ ಓದಿ. ಮೇಲೆ ಜನರಲ್ ರಿಜಿಸ್ಟರ್ ನಂಬರ್, ರಾಜ್ಯದ ಸರಲ್ ಅನ್ನುವ ಆನ್‌ಲೈನ್ ಪಟ್ಟಿಯ ವಿದ್ಯಾರ್ಥಿ ನಂಬರ್, ಆಧಾರ್ ನಂಬರ್. ಆಮೇಲೆ ಪೂರ್ತಿ ಹೆಸರು, ತಾಯಿಯ ಹೆಸರು, ಮಾತೃಭಾಷೆ, ಧರ್ಮ, ಜಾತಿ, ಉಪಜಾತಿ, ಹುಟ್ಟಿದ ಊರು, ತಾಲ್ಲೂಕು, ಜಿಲ್ಲೆ, ಹುಟ್ಟಿದ ತಾರೀಖು ಅಂಕಿಯಲ್ಲೂ ಅಕ್ಷರದಲ್ಲೂ. ಕೆಳಗೆ ನಡತೆ, ಪ್ರಗತಿ, ಶಾಲೆ ಬಿಟ್ಟ ಕಾರಣ. ಒಂದೇ ಹಾಳೆಯಲ್ಲಿ ಮಗುವಿನ ಇಡೀ ಜಾತಕ. ಇದರಲ್ಲಿ ಮಾತೃಭಾಷೆಯ ಸಾಲನ್ನು ಬೆರಳಿಟ್ಟು ನೋಡಿ. ಎಷ್ಟೋ ನಮ್ಮ ಮಕ್ಕಳ ಎಲ್‌ಸಿಯಲ್ಲಿ ಅಲ್ಲಿ ಮರಾಠಿ ಅಂತಲೋ ಹಿಂದಿ ಅಂತಲೋ ಇರುತ್ತೆ. ಯಾರೂ ಬೇಕಂತ ಮಾಡಿದ್ದಲ್ಲ, ಅಡ್ಮಿಷನ್ ದಿನ ಯಾರೂ ಕೇಳಲಿಲ್ಲ, ನಾವೂ ನೋಡಲಿಲ್ಲ ಅಷ್ಟೇ. ಮುಂದೆ ಕನ್ನಡ ಭಾಷಾ ಅಲ್ಪಸಂಖ್ಯಾತರ ಕೋಟಾದಲ್ಲಿ ಹನ್ನೊಂದನೇ ಕ್ಲಾಸಿಗೆ ಸೀಟು ಕೇಳೋಕೆ ಹೋದಾಗ ಕಾಲೇಜಿನವರು ತೆಗೆದು ನೋಡುವುದು ಇದೇ ಸಾಲನ್ನು. ಮನೆಯಲ್ಲಿ ಕನ್ನಡವೇ ಮಾತಾಡುವ ಮಗು, ಕಾಗದದಲ್ಲಿ ಕನ್ನಡದ್ದಲ್ಲ ಅಂತ ಆಗಿ ಸೀಟು ಕೈತಪ್ಪಿದ್ದನ್ನು ನಾನು ನಮ್ಮ ಕೌಂಟರಿನಲ್ಲೇ ಕಂಡಿದ್ದೇನೆ. ಆ ತಾಯಿ ಕನ್ನಡದಲ್ಲೇ ಅಳುತ್ತಾ ನಿಂತಿದ್ದರು, ನನ್ನ ಕೈಯಲ್ಲಿ ಮಾಡೋಕೆ ಏನೂ ಇರಲಿಲ್ಲ.

ಮಗು ಶಾಲೆಯಲ್ಲಿ ಓದ್ತಾ ಇರುವಾಗ ತಿದ್ದಿಸುವುದು ಸುಲಭ. ಮುಖ್ಯಾಧ್ಯಾಪಕರಿಗೆ ಅರ್ಜಿ, ಜೊತೆಗೆ ಜನನ ಪ್ರಮಾಣಪತ್ರದಂಥ ಆಧಾರ, ಅವರು ಅದನ್ನು ಜಿಲ್ಲಾ ಪರಿಷತ್ತಿನ ಶಿಕ್ಷಣಾಧಿಕಾರಿಗೆ ಕಳಿಸಿ ಒಪ್ಪಿಗೆ ತರಿಸಿಕೊಳ್ಳುತ್ತಾರೆ. ಶಾಲೆ ಬಿಟ್ಟ ಮೇಲೆ ಅದೇ ಕೆಲಸ ಎಳೆದಾಡಿಸುತ್ತೆ, ಕೆಲವು ಸಲ ಕೋರ್ಟ್ ತನಕ ಹೋಗುತ್ತೆ. ಚಿಂಚವಡದ ಅಣ್ಣ, ನಿಮ್ಮದು ಈಗಷ್ಟೇ ಕೊಟ್ಟ ಎಲ್‌ಸಿ, ಆದ್ದರಿಂದ ತಡ ಮಾಡಬೇಡಿ. ಬಾಯಿಮಾತಲ್ಲಿ 'ಆಗಲ್ಲ' ಅಂದರೆ ಒಪ್ಪಿಕೊಳ್ಳಬೇಡಿ. ಎರಡು ಪ್ರತಿ ಅರ್ಜಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಇನ್‌ವರ್ಡ್ ನಂಬರ್ ಮತ್ತು ಸೀಲು ಹಾಕಿಸಿಕೊಂಡು ಬನ್ನಿ. ಬೆಂಗಳೂರಿನ ಶಾಲೆ ಯುಡೈಸ್ ಅನ್ನುವ ಇಡೀ ದೇಶದ ಶಾಲೆಗಳ ಆನ್‌ಲೈನ್ ವ್ಯವಸ್ಥೆಯಲ್ಲಿ ಮಗುವನ್ನು ತನ್ನ ಪಟ್ಟಿಗೆ ಎಳೆದುಕೊಳ್ಳಬೇಕಾದರೆ ಇಲ್ಲಿನ ಶಾಲೆ ಬಿಟ್ಟುಕೊಡಬೇಕು, ಅದನ್ನೂ ಅವತ್ತೇ ಕೇಳಿ. ಆ ವ್ಯವಸ್ಥೆಯಲ್ಲಿ ಮಗುವಿಗೆ ಪೆನ್ ಅನ್ನುವ 11 ಅಂಕಿಯ ನಂಬರ್ ಇರುತ್ತೆ, ರಾಜ್ಯ ಬದಲಾದರೂ ಅದು ಬದಲಾಗಲ್ಲ, ಬರೆದಿಟ್ಟುಕೊಳ್ಳಿ.

ಇನ್ನು ಎಲ್‌ಸಿಯನ್ನೇ ತಡೆಹಿಡಿಯುವವರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಕಲಂ ಪ್ರಕಾರ, ಎಂಟನೇ ತರಗತಿ ತನಕ, ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬದಲಾಯಿಸಿಕೊಳ್ಳುವಾಗ ಹಳೇ ಶಾಲೆಯ ಮುಖ್ಯಸ್ಥರು ವರ್ಗಾವಣೆ ಪತ್ರವನ್ನು ತಕ್ಷಣ ಕೊಡಬೇಕು, ಅದು ತಡವಾಯಿತು ಅಂತ ಹೊಸ ಶಾಲೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ಫೀ ಬಾಕಿ ಇದ್ದರೆ ಅದನ್ನು ಅಪ್ಪ ಅಮ್ಮನ ಹತ್ತಿರ ವಸೂಲಿ ಮಾಡಲಿ. ಮಗುವಿನ ಕಾಗದವನ್ನು ಒತ್ತೆ ಇಟ್ಟುಕೊಳ್ಳುವುದು ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ.

ಈಗ ಹಿಂಜವಡಿ ಅಕ್ಕನ ಪ್ರಶ್ನೆ. ಸರಿಯಲ್ಲ ಅಕ್ಕ, ಖಂಡಿತ ಸರಿಯಲ್ಲ. ಮಹಾರಾಷ್ಟ್ರದ ರಾಜ್ಯ ಬೋರ್ಡನ್ನೇ ನೋಡಿ. ಹತ್ತು, ಹನ್ನೆರಡರ ಫಲಿತಾಂಶ ನೋಡೋಕೆ ಸೀಟ್ ನಂಬರ್ ಜೊತೆ ತಾಯಿಯ ಹೆಸರನ್ನೂ ಹಾಕಬೇಕು, ಕಂಡಕಂಡವರು ನೋಡಬಾರದು ಅಂತ ಅಷ್ಟಾದರೂ ಬೇಲಿ ಇದೆ. ಅದೇ ಏಳನೇ ಕ್ಲಾಸಿನ ಮಗುವಿನ ಗಣಿತದ ಅಂಕ ಮಾತ್ರ ಎಲ್ಲರ ಫೋನಿಗೆ. ರಾತ್ರಿ ಒಂಬತ್ತಕ್ಕೆ ಪಟ್ಟಿಯ ಫೋಟೋ ಬರುತ್ತೆ, ಕೆಂಪು ಶಾಯಿಯಲ್ಲಿ ಗುಂಡು ಸುತ್ತಿದ ಹೆಸರುಗಳು, ಅದರ ಕೆಳಗೆ ನಾಲ್ಕು ಜನ ಹೆಬ್ಬೆರಳು ಎತ್ತಿರುತ್ತಾರೆ. ಕೆಂಪು ಗುಂಡಿನೊಳಗಿರುವ ಮಗುವಿನ ಮನೆಯಲ್ಲಿ ಅವತ್ತು ರಾತ್ರಿ ಹೇಗಿರುತ್ತೆ ಅಂತ ಯೋಚಿಸಿ. ಟ್ಯೂಷನ್ ಕ್ಲಾಸಿನವರು ಚೌಕದಲ್ಲಿ ಕಟ್ಟುವ ಫ್ಲೆಕ್ಸ್ ಕೂಡ ಅಷ್ಟೇ. ಮಗುವಿನ ಫೋಟೋ, ಪೂರ್ತಿ ಹೆಸರು, ಶೇಕಡಾವಾರು ಅಂಕ, ಶಾಲೆಯ ಹೆಸರು. ಒಳ್ಳೆ ಅಂಕ ಬಂದಿದೆ ಅಂತ ನಾವೂ ಖುಷಿಯಲ್ಲಿ ಸುಮ್ಮನಾಗ್ತೀವಿ. ಕೇಳದೆ ಹಾಕಿದರೆ ತೆಗೆಸಿ.

ಕಾನೂನು ಏನು ಹೇಳುತ್ತೆ? 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸೋಕೆ ತಂದೆ ತಾಯಿಯ ಖಚಿತವಾದ ಒಪ್ಪಿಗೆ ಬೇಕು. ಯಾವ ಮಾಹಿತಿ ಇಟ್ಟುಕೊಂಡಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ ಅಂತ ಕೇಳುವ ಹಕ್ಕು, ತಿದ್ದಿಸುವ, ಅಳಿಸಿಸುವ ಹಕ್ಕು ಎಲ್ಲ ಅದರಲ್ಲಿದೆ. ಮಕ್ಕಳ ವಿಷಯದಲ್ಲಿ ನಿಯಮ ಮೀರಿದರೆ 200 ಕೋಟಿ ರೂಪಾಯಿ ತನಕ ದಂಡ ಹಾಕಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಆದರೆ ಮುಖ್ಯ ಭಾಗಗಳು ಜಾರಿಗೆ ಬರೋಕೆ ಅಲ್ಲಿಂದ 18 ತಿಂಗಳು, ಅಂದ್ರೆ 2027ರ ಮೇ ತನಕ ಸಮಯ ಕೊಟ್ಟಿದ್ದಾರೆ. ಶಾಲೆಗಳಿಗೆ ಪಾಠ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದ ಕೆಲಸದಲ್ಲಿ ಒಂದಷ್ಟು ವಿನಾಯಿತಿಯೂ ಇದೆ. ಎಲ್ಲರ ಅಂಕ ಎಲ್ಲರಿಗೂ ಹಂಚುವುದು ಪಾಠಕ್ಕೆ ಬೇಕಾದ ಕೆಲಸ ಅಂತ ನನಗಂತೂ ಅನ್ನಿಸಲ್ಲ. ಅಲ್ಲಿ ತನಕ ಕಾಯಬೇಕಾಗಿಲ್ಲ ಅಕ್ಕ, ಇನ್ನೂ ನಾಲ್ಕು ಜನ ಪಾಲಕರು ಸೇರಿ ಒಂದು ಪತ್ರ ಕೊಡಿ, ನಮ್ಮ ಮಗುವಿನ ಅಂಕ ನಮಗೆ ಮಾತ್ರ ಕಳಿಸಿ ಅಂತ. ಒಬ್ಬರೇ ಹೋದರೆ ಜಗಳ ಅಂತಾರೆ, ಐದು ಜನ ಹೋದರೆ ವಿನಂತಿ ಅಂತಾರೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹಾಕಿದ ಅರ್ಜಿಯಿಂದಾಗಿ. ಎಂಬತ್ತು ದಾಟಿದ ವಯಸ್ಸಲ್ಲಿ ಅವರು ಕೋರ್ಟಿಗೆ ಹೋದರು. ಅದೇ ಅರ್ಜಿಯ ಮುಂದುವರಿಕೆಯಲ್ಲಿ 2018ರ ಸೆಪ್ಟೆಂಬರ್ 26ರ ತೀರ್ಪು ಬಂತು, ಶಾಲೆಗೆ ಸೇರಿಸೋಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂತ. ನಮಗೆ ಹೆಮ್ಮೆಯ ವಿಷಯ ಇದು, ಆದರೆ ಅಡ್ಮಿಷನ್ ಕೌಂಟರಿನ ಎದುರು ನಮ್ಮವರೇ ಇದನ್ನು ಮರೆತುಬಿಡ್ತಾರೆ.

ಅಪಾರ್ ಅನ್ನುವ ವಿದ್ಯಾರ್ಥಿ ಗುರುತಿನ ನಂಬರಿನ ಫಾರಂ ಬಗ್ಗೆಯೂ ಬಹಳ ಜನ ಕೇಳ್ತಾರೆ. ಮಗುವಿಗೆ 12 ಅಂಕಿಯ ನಂಬರ್, ಅಂಕಪಟ್ಟಿ ಪ್ರಮಾಣಪತ್ರಗಳೆಲ್ಲ ಡಿಜಿಲಾಕರ್‌ನಲ್ಲಿ ಒಂದೇ ಕಡೆ. ಒಳ್ಳೆ ಅನುಕೂಲ, ವರ್ಗವಾಗುತ್ತಲೇ ಇರುವ ನಮ್ಮಂಥವರಿಗೆ ಇನ್ನೂ ಅನುಕೂಲ. ನನ್ನ ಮಗಳಿಗೆ ನಾನು ಸಹಿ ಹಾಕಿ ಕೊಟ್ಟಿದ್ದೇನೆ. ಆದರೆ ಅದು ಒಪ್ಪಿಗೆ ಪತ್ರ, ಅಂದ್ರೆ ಬೇಡ ಅನ್ನೋಕೂ ಅವಕಾಶ ಇದೆ, ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಲೂಬಹುದು. ನಾಳೆ ಬೆಳಿಗ್ಗೆ ಸಹಿ ಮಾಡಿ ಕಳಿಸದಿದ್ದರೆ ಮಗುವನ್ನು ಹೊರಗೆ ನಿಲ್ಲಿಸ್ತೀವಿ ಅನ್ನುವ ಮೆಸೇಜ್ ಬಂದರೆ ಅದಕ್ಕೆ ತಲೆ ಬಾಗಬೇಡಿ. ಮತ್ತೆ ಅಲ್ಲೂ ಅದೇ ಹೆಸರಿನ ಗೋಳು, ಆಧಾರ್‌ಗೂ ಶಾಲೆಯ ದಾಖಲೆಗೂ ಹೊಂದದಿದ್ದರೆ ನಂಬರ್ ಹುಟ್ಟಲ್ಲ.

ಉತ್ತರ ಪತ್ರಿಕೆ ನೋಡುವ ಹಕ್ಕಂತೂ ಇದೆ. ವಿದ್ಯಾರ್ಥಿ ತನ್ನ ತಿದ್ದಿದ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ, ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. ಮಹಾರಾಷ್ಟ್ರ ಬೋರ್ಡಿನಲ್ಲಿ ಮರುಮೌಲ್ಯಮಾಪನ ಬೇಕಿದ್ದರೆ ಮೊದಲು ಉತ್ತರ ಪತ್ರಿಕೆಯ ನಕಲು ತರಿಸಿಕೊಳ್ಳಲೇಬೇಕು.

ಇನ್ನೊಂದು ವಿಷಯ ಯಾರೂ ಕೇಳಿಲ್ಲ, ನಾನಾಗಿ ಹೇಳ್ತೇನೆ. ನಮ್ಮ ಕಚೇರಿಗೆ ಫೋನ್ ಬರುತ್ತೆ, ಒಂದು ಸಂಬಂಧ ನೋಡ್ತಿದ್ದೇವೆ, ನಿಮ್ಮಲ್ಲಿ ಓದಿದ ಹುಡುಗಿ, ನಿಜವಾಗಿ ಪಾಸಾಗಿದ್ದಾಳಾ, ಎಷ್ಟು ಸಲ ಕೂತಳು, ನಡತೆ ಹೇಗಿತ್ತು. ಕನ್ನಡದಲ್ಲೇ ಕೇಳಿದವರೂ ಇದ್ದಾರೆ, ನಮ್ಮವರಲ್ವಾ ಹೇಳಿ ಅಂತ. ನಾನು ಹೇಳಲ್ಲ. ಹುಡುಗಿಯನ್ನೇ ಕೇಳಿ, ಅವಳು ಅಂಕಪಟ್ಟಿ ತೋರಿಸಿದರೆ ನೋಡಿ. ದಯವಿಟ್ಟು ಯಾವ ಶಾಲೆ ಕಾಲೇಜಿನಲ್ಲೂ ಪರಿಚಯದವರ ಮೂಲಕ ಇಂಥದ್ದನ್ನು ತೆಗೆಸಬೇಡಿ. ನಿಮ್ಮ ಮಗಳ ವಿಷಯವನ್ನೂ ಇನ್ಯಾರೋ ಹೀಗೇ ತೆಗೆಸುತ್ತಿರಬಹುದು.

ಕೊನೆಯದಾಗಿ ಅಮೆರಿಕಕ್ಕೆ ಮಕ್ಕಳನ್ನು ಕಳಿಸುತ್ತಿರುವವರಿಗೆ. ಅಲ್ಲಿ 1974ರಿಂದ ವಿದ್ಯಾರ್ಥಿಗಳ ದಾಖಲೆಗೆ ಫೆರ್ಪಾ ಅನ್ನುವ ಕಾನೂನು ಇದೆ. ಮಗುವಿಗೆ 18 ತುಂಬಿದರೆ, ಅಥವಾ ಯಾವ ವಯಸ್ಸಲ್ಲೇ ಆಗಲಿ ಕಾಲೇಜು ಸೇರಿದರೆ, ದಾಖಲೆಯ ಹಕ್ಕು ಪೂರ್ತಿ ಮಗುವಿಗೆ ಹೋಗುತ್ತೆ. ಮಗು ಕೇಳಿದರೆ ವಿಶ್ವವಿದ್ಯಾಲಯ 45 ದಿನದೊಳಗೆ ದಾಖಲೆ ತೋರಿಸಬೇಕು. ನೀವು ಕೇಳಿದರೆ ತೋರಿಸಬೇಕಾಗಿಲ್ಲ. ಲಕ್ಷಗಟ್ಟಲೆ ಫೀ ಕಟ್ಟುವುದು ನಾವು, ನಮಗೆ ಅಂಕ ಹೇಳಲ್ವಂತೆ ಅಂತ ಕೋಥ್ರೂಡ್‌ನ ಒಬ್ಬರು ಬೇಸರ ಮಾಡಿಕೊಂಡಿದ್ದರು. ಅಲ್ಲಿನ ತೆರಿಗೆ ಲೆಕ್ಕದಲ್ಲಿ ಮಗು ಅವಲಂಬಿತ ಅಂತ ಇದ್ದರೆ ಮಾತ್ರ ತಂದೆ ತಾಯಿಗೆ ಮಗುವನ್ನು ಕೇಳದೆ ಹೇಳಬಹುದು, ಪುಣೆಯಲ್ಲಿ ಕೂತು ಇಲ್ಲಿ ತೆರಿಗೆ ಕಟ್ಟುವ ನಮಗೆ ಅದು ಅನ್ವಯಿಸಲ್ಲ. ಜೀವಕ್ಕೆ, ಆರೋಗ್ಯಕ್ಕೆ ಅಪಾಯ ಇದ್ದಾಗ ತಿಳಿಸೋಕೆ ಮಾತ್ರ ಬೇರೆ ದಾರಿ ಇದೆ. ಅಂಕ ತಿಳಿಸೋಕೆ ಮಗು ಬರೆದುಕೊಟ್ಟ ಒಪ್ಪಿಗೆ ಬೇಕು.

ನನಗೆ ಆ ಕಾನೂನು ಸರಿ ಅನ್ನಿಸುತ್ತೆ. ನಮ್ಮ ಹೊಸ ಕಾಯ್ದೆಯಲ್ಲೂ 18 ತುಂಬಿದ ದಿನ ಒಪ್ಪಿಗೆ ಕೊಡುವವರು ಮಕ್ಕಳೇ. ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವ ಹೊತ್ತಿಗೇ ಇದು ಎದುರಾಗುತ್ತೆ, ಶಿಕ್ಷಕರು ಬರೆಯುವ ಶಿಫಾರಸು ಪತ್ರವನ್ನು ಮುಂದೆ ನೋಡುವ ಹಕ್ಕು ಬಿಟ್ಟುಕೊಡುತ್ತೀಯಾ ಅಂತ ಮಗುವನ್ನೇ ಕೇಳ್ತಾರೆ. ಬಹಳ ಮನೆಗಳಲ್ಲಿ ಅಪ್ಪಂದಿರೇ ಲಾಗಿನ್ ಆಗಿ ಟಿಕ್ ಹಾಕಿಬಿಡ್ತಾರೆ. ಹಾಗೆ ಮಾಡಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ಅವರೇ ತೀರ್ಮಾನ ಮಾಡಲಿ. ಆಗಸ್ಟ್‌ನಲ್ಲಿ ಹೊರಡುವ ಮಕ್ಕಳಿದ್ದರೆ ಟಿಕೆಟ್ ಮಾಡಿಸುವ ಮೊದಲು ಒಂದು ಸಂಜೆ ಮಾತಾಡಿಕೊಳ್ಳಿ, ಅಂಕ ನಮಗೂ ಕಾಣಿಸುವ ಹಾಗೆ ಒಪ್ಪಿಗೆ ಬರೆದುಕೊಡ್ತೀಯಾ, ಫೀ ವಿಷಯ ಮಾತ್ರ ಸಾಕಾ, ಏನೂ ಬೇಡವಾ ಅಂತ. ಬೇಡ ಅಂದರೂ ಅವತ್ತು ಮುಖ ಗಂಟು ಹಾಕಿಕೊಳ್ಳಬೇಡಿ, ಯಾಕೆ ಅಂತ ಕೇಳಿ.